ಹದಿನೆಂಟನೆಯ ಕಿಲೋಮೀಟರಿನ ಸನ್ಮಾನ

ಏಪ್ರಿಲ್ ೨೦, ರವಿವಾರ

ಓಡುವವನು ದಿನಾ ಬರೆದಿಡಬೇಕಂತೆ. ಈ ಅಪ್ಪಣೆ ಕೊಟ್ಟವನು ಡಿಸೆಂಬರಿನಿಂದ ಹಾಸಿಗೆ ಬಿಟ್ಟು ಎದ್ದಿಲ್ಲ ಎನ್ನುವುದು ಬೇರೆ ಮಾತು. ಸೀರೆ ಕಂಪನಿಯವರು ಪುಕ್ಕಟೆ ಕೊಟ್ಟ ಈ ಡೈರಿ ಗಲ್ಲಾದ ಕೆಳಗೆ ಇಲಿಗಳ ಪಾಲಾಗುತ್ತಿತ್ತು, ಈಗ ನನ್ನ ಪಾಲಿಗೆ ಬಂದಿದೆ. ನನ್ನ ಅಕ್ಷರ ನನ್ನ ಹೆಂಡತಿ ಬಸವೇಶ್ವರಿಗೂ ಓದಲು ಬರುವುದಿಲ್ಲ. ಆದ್ದರಿಂದ ಮನಸ್ಸಿಗೆ ಬಂದದ್ದನ್ನು ಬರೆಯಬಹುದು.

ಅಪ್ಪಣೆ ಕೊಟ್ಟ ಮುಜಫರ ನಮ್ಮ ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಕೂಡುವ ಟೇಲರ್. ಒಳಗೆ ಗಾದಿಯ ಮೇಲೆ ಕೂತು ನಾನು ಬಟ್ಟೆ ಹರಿಯುವುದು, ಹೊರಗೆ ಕೂತು ಅವನು ಹೊಲಿಯುವುದು, ನಡುನಡುವೆ ಇಬ್ಬರೂ ಸೇರಿ ಶಹಾಪುರದವರ ಮಾನ ಹರಾಜು ಹಾಕುವುದು. ಇಪ್ಪತ್ತು ವರ್ಷದಿಂದ ನಡೆದು ಬಂದ ಪದ್ಧತಿ ಇದು. ಅವನಿಗೆ ಓಡುವ ಹುಚ್ಚು. ವರ್ಷಕ್ಕೊಮ್ಮೆ ಹೈದರಾಬಾದಿನ ಮ್ಯಾರಥಾನಿಗೆ ಹೋಗಿ ನಲವತ್ತೆರಡು ಕಿಲೋಮೀಟರ್ ಓಡಿ, ಪದಕ ತಂದು ಮಷೀನಿಗೆ ನೇತುಹಾಕುತ್ತಿದ್ದ. ಯಾರೂ ಬೆನ್ನಟ್ಟದೆ ಮನುಷ್ಯ ಯಾಕೆ ಓಡಬೇಕು ಎಂದು ನಾನು ಕೇಳುತ್ತಿದ್ದೆ. ಡಿಸೆಂಬರಿನ ಒಂದು ಬೆಳಿಗ್ಗೆ ಭೀಮರಾಯನಗುಡಿ ರಸ್ತೆಯಲ್ಲಿ, ಮಂಜಿನಲ್ಲಿ, ಹತ್ತಿ ತುಂಬಿದ ಟ್ರ್ಯಾಕ್ಟರ್ ಹಿಂದಿನಿಂದ ಬಂದು ಅವನ ತೊಡೆ ಮುರಿಯಿತು. ಆಮೇಲೆ ನಾನು ಆ ಪ್ರಶ್ನೆ ಕೇಳಿಲ್ಲ.

ಕಲಬುರಗಿಯಲ್ಲಿ ರಾಡ್ ಹಾಕಿದರು. ಎಲುಬು ಕೂಡಿದೆ, ಇನ್ನು ನಡೆಯಲೇಬೇಕು ಎಂದು ಡಾಕ್ಟರು ಹೇಳಿ ಎರಡು ತಿಂಗಳಾಯಿತು. ಮಳೆಗಾಲ ಮುಗಿಯುವುದರೊಳಗೆ ಕಾಲೂರದಿದ್ದರೆ ಮೊಣಕಾಲು ಸೆಟೆದು ಹಾಗೇ ನಿಂತುಬಿಡುತ್ತದಂತೆ. ಆಮೇಲೆ ಜೀವನಪೂರ್ತಿ ಊರುಗೋಲು, ಮಷೀನಿನ ಪೆಡಲ್ ತುಳಿಯುವ ಮಾತು ಮರೆಯಬೇಕು. ಅವನು ಒಮ್ಮೆ ಎದ್ದ, ಬಚ್ಚಲಲ್ಲಿ ಬಿದ್ದ, ಗೋಡೆ ಕಡೆ ಮುಖ ಮಾಡಿ ಮಲಗಿದ. ಅಷ್ಟೇ.

ಇವತ್ತು ಬಾಳೆಹಣ್ಣು ಹಿಡಿದು ಅವನ ಮನೆಗೆ ಹೋಗಿ ಬೈದೆ.

“ಏಳಲೇ. ಎಷ್ಟ್ ದಿನ ಆ ಗ್ವಾಡಿ ನೋಡ್ತಿ?”

“ಈ ಕಾಲು ನಂದಲ್ಲ ಸೇಠ. ಬ್ಯಾರೆ ಯಾರದೋ ಹಚ್ಚ್ಯಾರ.”

“ಡಾಕ್ಟ್ರು ನಡೀ ಅಂದಾರ.”

“ಡಾಕ್ಟ್ರ ಕಾಲು ಮುರದಿಲ್ಲ. ನಿಂದೂ ಮುರದಿಲ್ಲ. ಆದ್ರೂ ನೀ ಗಾದಿ ಬಿಟ್ಟು ಎದ್ದಿದ್ದು ಯಾವಾಗ? ಊಟಕ್ಕ ಬಿಟ್ರ?”

ನನಗೆ ತಲೆ ತಿರುಗುವಷ್ಟು ಸಿಟ್ಟು ಬಂತು. ಸಿಟ್ಟಿನಲ್ಲಿ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

“ನಾ ಎದ್ದು ಓಡಿ ತೋರಿಸ್ತೀನಿ. ನೀ ನಡೀತಿ?”

ಅವನು ಗೋಡೆ ಬಿಟ್ಟು ಈ ಕಡೆ ಹೊರಳಿದ. ಡಿಸೆಂಬರಿನ ಮೇಲೆ ಮೊದಲ ಸಲ ನಕ್ಕ. “ಹೈದರಾಬಾದಿನಾಗ ಓಡು. ಪೂರಾ ನಲವತ್ತೆರಡು ಬ್ಯಾಡ. ನಿನ್ನ ಹೊಟ್ಟಿ ನೋಡಿ ಅರ್ಧಾ ರಿಯಾಯಿತಿ ಕೊಟ್ಟೀನಿ, ಇಪ್ಪತ್ತೊಂದು. ಟೈಮಿನೊಳಗ ಮುಗಿಸಬೇಕು. ಹಿಂದ ಬಿದ್ದವರನ್ನ ತುಂಬಕೊಂಡು ಹೋಗಾಕ ಒಂದು ಬಸ್ ಬರ್ತದ. ಅದರಾಗ ಹತ್ತಿದಿ ಅಂದ್ರ ನಾ ಏಳಂಗಿಲ್ಲ.”

“ನಾ ಮುಗಿಸಿದ್ರ ನಡೀತಿ?”

“ನಡೀತೀನಿ.”

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಮಕ್ತುಂಬಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಮುಖದಲ್ಲಿದ್ದ ಆಸೆ ಅಲ್ಲೇ ಆರಿದ್ದು ನನಗೆ ಚೆನ್ನಾಗಿ ಕಂಡಿತು. ನಲವತ್ತನಾಲ್ಕು ವರ್ಷ, ತೊಂಬತ್ತಾರು ಕಿಲೋ. ಭಾಬಿಯದೇನೂ ತಪ್ಪಿಲ್ಲ.

ಏಪ್ರಿಲ್ ೨೩, ಬುಧವಾರ

ಹೊಸ ಬೂಟು ಹಾಕಿಕೊಂಡು ಹೊರಟೆ. ನಮ್ಮೂರಲ್ಲಿ ಓಡುವುದು ಎಷ್ಟು ಕಷ್ಟ ಎನ್ನುವುದು ಓಡುವ ತನಕ ಗೊತ್ತಾಗುವುದಿಲ್ಲ. ಕಷ್ಟ ಕಾಲಿನದಲ್ಲ, ಜನರದು. ಓಡುವವನನ್ನು ಕಂಡರೆ ಶಹಾಪುರದವರ ಎದೆ ಕರಗುತ್ತದೆ.

ಮೊದಲ ಬೈಕಿನವನು: “ಏನಾತ್ರೀ ಸಾಹುಕಾರ್ರ, ಗಾಡಿ ಕೆಟ್ಟದೇನು? ಬರ್ರಿ, ಹತ್ರಿ.”

ಎರಡನೆಯವನು: “ಯಾರರ ಸೀರಿಯಸ್ ಅದಾರೇನ್ರಿ?”

ಮೂರನೆಯವನು ನನ್ನ ಮುಖ, ಹೊಟ್ಟೆ ಹಿಡಿದ ಕೈ, ಆತುರ ಎಲ್ಲ ನೋಡಿ ಏನೂ ಕೇಳದೆ ರಸ್ತೆ ಬದಿಯ ಜಾಲಿ ಪೊದೆಯತ್ತ ಕೈ ತೋರಿಸಿದ. “ಅಲ್ಲಿ ಯಾರೂ ಇಲ್ರಿ, ಹೋಗ್ರಿ.”

ನಾಲ್ಕನೆಯವನ ಬೈಕು ಹತ್ತಿ ಮನೆಗೆ ಬಂದೆ.

ಮೇ ೫, ಸೋಮವಾರ

ವಿಪರೀತ ಬಿಸಿಲು. ಓಡಲಿಲ್ಲ.

ಇದು ಸುಳ್ಳು. ಬಿಸಿಲು ಬರುವ ಹೊತ್ತಿಗೆ ನಾನು ಎದ್ದೇ ಇರಲಿಲ್ಲ.

ಮೇ ೧೧, ರವಿವಾರ

ಕಾಲುವೆ ದಂಡೆಯ ಮೇಲೆ ಓಡಿದೆ. ಅಲ್ಲಿ ಜನರಿಲ್ಲ, ನಾಯಿಗಳಿವೆ. ನಾಯಿಗಳು ಲಿಫ್ಟ್ ಕೊಡುವುದಿಲ್ಲ, ವೇಗ ಕೊಡುತ್ತವೆ. ಒಂದು ಕಂದು ನಾಯಿ ಇವತ್ತು ನನಗೆ ಕಲಿಸಿದಷ್ಟನ್ನು ಮುಜಫರ ಮೂರು ವಾರದಲ್ಲಿ ಕಲಿಸಿಲ್ಲ.

ಅವನಾದರೋ ಹಾಸಿಗೆಯಲ್ಲಿ ಬಿದ್ದುಕೊಂಡೇ ಫೋನಿನಲ್ಲಿ ದರಬಾರು ನಡೆಸುತ್ತಾನೆ. ಬಾಯಿಂದ ಉಸಿರು ಬಿಡು, ಹಿಮ್ಮಡಿ ಊರಬೇಡ, ಮಿರ್ಚಿ ಭಜಿ ತಿನ್ನಬೇಡ. ಭಜಿ ತಿಂದದ್ದು ಅವನಿಗೆ ಹೇಗೆ ಗೊತ್ತಾಯಿತು ಎಂದು ಯೋಚಿಸಿದೆ. ಬಸವೇಶ್ವರಿ ನನ್ನ ಕಣ್ಣು ತಪ್ಪಿಸುತ್ತಿದ್ದಾಳೆ.

ಜೂನ್ ೧, ರವಿವಾರ

ಶಿರವಾಳದ ತನಕ ಹೋಗಿ ಬಂದೆ. ಓಡಿದ್ದು ಸ್ವಲ್ಪ, ನಡೆದದ್ದು ಬಹಳ, ಕೂತದ್ದು ಇನ್ನೂ ಬಹಳ. ಅಲ್ಲಿಯ ಹಳೆಯ ಗುಡಿಯೊಂದರ ಮೆಟ್ಟಿಲ ಮೇಲೆ ಮಲಗಿಬಿಟ್ಟಿದ್ದೆ. ಹೊಲಕ್ಕೆ ಹೊರಟ ಮುದುಕಿ ಹಣಮಂತಮ್ಮ ಬಂದು ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದಳು. ಉಸಿರು ಇದೆ ಎಂದು ಖಾತ್ರಿಯಾದ ಮೇಲೆ ತನ್ನ ಬುತ್ತಿಯ ಮಜ್ಜಿಗೆ ಕೊಟ್ಟಳು. “ಮನ್ಯಾಗ ಜಗಳಾಡಿ ಬಂದೀಯೇನಪ್ಪ?” ಎಂದಳು. ಹೌದು ಎಂದೆ. ನಿಜ ಹೇಳಿದ್ದರೆ ನಂಬುತ್ತಿರಲಿಲ್ಲ.

ಬರುತ್ತ ಮುಜಫರನ ಮನೆಗೆ ಹೋದೆ. ಹೊಸ ಉಪದ್ರವ ಒಂದು ಶುರುವಾಗಿದೆ. ಮಂಚವನ್ನು ಕಿಟಕಿಗೆ ಸರಿಸಿಕೊಂಡಿದ್ದಾನೆ. ಓಣಿಯಲ್ಲಿ ಆ ತುದಿಯಿಂದ ಈ ತುದಿಗೆ ನನ್ನನ್ನು ಓಡಿಸಿ, ಸರಳು ಹಿಡಿದು ಎದ್ದು ಕೂತು ಒದರುತ್ತಾನೆ: “ಕಾಲು ಎತ್ತಲೇ! ಹಿಟ್ಟು ನಾದಾಕತ್ತೀಯೇನು?” ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು. ಅವರ ಮನೆಯ ಮದುವೆಗಳಿಗೆಲ್ಲ ಸೀರೆ ಕೊಟ್ಟವನು ನಾನು. ಇನ್ನು ಯಾವ ಮುಖ ಹೊತ್ತು ಬೆಲೆ ಹೇಳಲಿ?

ಜೂನ್ ೧೯, ಗುರುವಾರ

ಪ್ಯಾಂಟು ಉದುರುತ್ತಿದೆ. ಗಿರಾಕಿಗೆ ಮೇಲಿನ ಖಾನೆಯ ಬಟ್ಟೆ ಥಾನು ತೆಗೆದು ತೋರಿಸುವಾಗ ಒಂದು ಕೈ ಸೊಂಟದ ಮೇಲೇ ಇರಬೇಕು. “ಬ್ಯಾರೆ ಟೇಲರ್ ಕಡೆ ಒಂದು ಹೊಲಿಗಿ ಹಾಕಿಸ್ರಿ” ಎಂದಳು ಬಸವೇಶ್ವರಿ. ಎಂಥ ಮಾತು ಆಡುತ್ತಾಳೆ! ಬಸ್ ಸ್ಟ್ಯಾಂಡಿನ ಟೇಲರು ನನ್ನ ಸೊಂಟಕ್ಕೆ ಟೇಪು ಹಿಡಿದ ಸುದ್ದಿ ಮುಜಫರನಿಗೆ ಹೋದರೆ, ತನ್ನ ಜಾಗಕ್ಕೆ ಆಗಲೇ ಬೇರೆಯವನನ್ನು ತಂದರು ಎಂದುಕೊಳ್ಳುತ್ತಾನೆ. ಅಂಗಡಿಯ ಕಟ್ಟೆಯ ಮೇಲೂ ಯಾರನ್ನೂ ಕೂಡಿಸಿಲ್ಲ. ಕೇಳಿದವರಿಗೆ ಜಾಗ ಇಲ್ಲ ಎಂದಿದ್ದೇನೆ. ಜಾಗ ಎದುರಿಗೇ ಖಾಲಿ ಕಾಣುತ್ತದೆ, ಅವರೂ ಏನೂ ಅನ್ನುವುದಿಲ್ಲ.

ಸದ್ಯಕ್ಕೆ ಲಾಡಿ ಕಟ್ಟಿಕೊಂಡು ಓಡಾಡುತ್ತಿದ್ದೇನೆ.

ಜುಲೈ ೧೩, ರವಿವಾರ

ಮುಜಫರನೇ ಪ್ಯಾಂಟು ತರಿಸಿಕೊಂಡ. ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತು ಕೈಯಲ್ಲಿ ಹೊಲಿದ. ಹೊಲಿಗೆ ಮಷೀನಿಗಿಂತ ಚೆನ್ನಾಗಿದೆ. ಹಾಗೆಂದು ಹೇಳಿದರೆ ತಲೆ ಮೇಲೆ ಕೂಡುತ್ತಾನೆ, ಹೇಳಲಿಲ್ಲ.

ಅವನ ಪಾದ ನೆಲದಿಂದ ನಾಲ್ಕು ಬೆರಳು ಮೇಲೆ ತೂಗುತ್ತಿತ್ತು. ನಾಲ್ಕೇ ಬೆರಳು. ನನಗೆ ತಡೆಯಲಾಗಲಿಲ್ಲ.

“ಇಡಲೇ. ಬರೇ ಇಡು, ನಿಂದ್ರಬ್ಯಾಡ.”

ಅವನ ಕೈಯ ಸೂಜಿ ನಿಂತಿತು. ಹಣೆಯ ಮೇಲೆ ಬೆವರು ಕಂಡಿತು. “ಆಗಸ್ಟಿನಾಗ ನೋಡೋಣ. ನಿನ್ನ ಓಟ ಮೊದಲು ಆಗ್ಲಿ.”

“ನೆವಾ ಹೇಳಬ್ಯಾಡ. ಅಂಜುಬುರುಕ.”

ಹಾಗೆ ಅನ್ನಬಾರದಿತ್ತು. ಪ್ಯಾಂಟು ನನ್ನ ಮುಖದ ಮೇಲೆ ಬಿತ್ತು. ಹೊರಗೆ ಮಕ್ತುಂಬಿ ಬಂದು ಸಣ್ಣ ದನಿಯಲ್ಲಿ ಹೇಳಿದಳು: “ಬೈಬ್ಯಾಡ್ರಿ ಅಣ್ಣಾ. ಕಾಲು ನೆಲಕ್ಕ ಹತ್ತಿದ ಕೂಡ್ಲೆ ಹಿಂದ ಟ್ರ್ಯಾಕ್ಟರ್ ಸಪ್ಪಳ ಕೇಳಸ್ತದಂತ ಅವ್ರಿಗಿ. ಯಾರ ಮುಂದೂ ಹೇಳಬ್ಯಾಡ ಅಂದಾರ.”

ಪ್ಯಾಂಟು ಮಡಚಿ ಹಿಡಿದು ಮನೆಗೆ ಬಂದೆ. ಯಾರ ಮುಂದೂ ಹೇಳದೆ ಇರುವುದು, ಬಾಯಿ ಬಡಿದುಕೊಂಡೇ ಬದುಕಿದವನಿಗೆ ಒಳ್ಳೆಯ ಶಿಕ್ಷೆ.

ಆಗಸ್ಟ್ ೩, ರವಿವಾರ

ಭೀಮರಾಯನಗುಡಿ ರಸ್ತೆಯಲ್ಲಿ ಹೋಗಿ ಬಂದು ಹದಿನೈದು ಕಿಲೋಮೀಟರ್ ಓಡಿದೆ. ನಿಂತು ನಿಂತು, ಆದರೂ ಓಡಿದೆ. ಇಷ್ಟು ದಿನ ಈ ರಸ್ತೆ ತಪ್ಪಿಸುತ್ತಿದ್ದೆ. ಇವತ್ತು ಮುಜಫರ ಬಿದ್ದ ಜಾಗದ ಹತ್ತಿರ ಹಿಂದಿನಿಂದ ಟ್ರ್ಯಾಕ್ಟರ್ ಬಂತು. ಇನ್ನೂ ಎಷ್ಟೋ ದೂರವಿತ್ತು. ನನ್ನ ಕಾಲು ನನ್ನನ್ನು ಕೇಳಲೇ ಇಲ್ಲ, ಸೀದಾ ತಗ್ಗಿಗೆ ಹಾರಿತು. ಡ್ರೈವರ್ ಗಾಡಿ ನಿಲ್ಲಿಸಿ, “ಯಾಕ್ರಿ ಸಾಹುಕಾರ್ರ, ಏನರ ಬಿತ್ತೇನು?” ಎಂದ. ಕೆಸರಿನಲ್ಲಿ ಮೊಣಕಾಲುದ್ದ ನಿಂತು, ಚಾವಿ ಹುಡುಕುತ್ತಿದ್ದೇನೆ ಎಂದೆ. ಪಾಪ, ಅವನೂ ಇಳಿದು ಬಂದು ಹುಡುಕಿದ.

ಮನೆಗೆ ಬಂದು ಸ್ನಾನ ಮಾಡುವಾಗ ಹೊರಗೆ ಯಾವುದೋ ಗಾಡಿಯ ಸದ್ದು ಕೇಳಿ, ತಂಬಿಗೆ ಬಿಟ್ಟು ಗೋಡೆಗೆ ಸರಿದೆ. ನನಗೆ ಟ್ರ್ಯಾಕ್ಟರ್ ತಾಗಿಯೂ ಇಲ್ಲ.

ಮುಜಫರನಿಗೆ ಇದನ್ನು ಹೇಳಲಿಲ್ಲ. ‘ಅಂಜುಬುರುಕ’ ಎಂದದ್ದಕ್ಕೆ ತಪ್ಪಾಯಿತು ಎಂದೆ. “ಜ್ವರ ಬಂದದೇನು?” ಎಂದು ಹಣೆ ಮುಟ್ಟಿ ನೋಡಿದ.

ಆಗಸ್ಟ್ ೧೪, ಗುರುವಾರ

ಸುದ್ದಿ ಊರಿಗೆಲ್ಲ ಹಬ್ಬಿ ಎಡವಟ್ಟಾಗಿದೆ. ವರ್ತಕರ ಸಂಘದ ಅಧ್ಯಕ್ಷ ಸಂಜುಕುಮಾರ ಅಂಗಡಿಗೆ ಬಂದಿದ್ದ. ಅವನಿಗೆ ಮುಂದಿನ ನಗರಸಭೆ ಚುನಾವಣೆಗೆ ನಿಲ್ಲುವ ಆಸೆ. ಹಾಗಾಗಿ ಊರಲ್ಲಿ ಯಾರು ಸೀನಿದರೂ ಅವರಿಗೆ ಶಾಲು ಹೊದಿಸುತ್ತಾನೆ. ಹೋದ ವರ್ಷ ಬೋರ್‌ವೆಲ್‌ನಲ್ಲಿ ನೀರು ಬಿದ್ದಾಗ ಬೋರ್‌ವೆಲ್‌ಗೂ ಹಾರ ಹಾಕಿಸಿದ್ದ.

“ಅರ್ಧಾ ಅಂತಲ್ರಿ? ಅರ್ಧಕ್ಕ ಬಿಟ್ಟು ಬಂದ್ರ ಊರ ಮರ್ಯಾದಿ ಏನಾಗಬೇಕು?”

“ಅರ್ಧಾ ಅಂತ ಬ್ಯಾರೇನ ಇರ್ತದ ಸಂಜು. ಅಷ್ಟಕ್ಕ ಮುಗೀತದ.”

“ಆಗ್ಲಿ ಬಿಡ್ರಿ, ಫ್ಲೆಕ್ಸಿನಾಗ ಅದೇನೂ ಹಾಕಸಂಗಿಲ್ಲ.”

ಸಂಜೆ ಹೊತ್ತಿಗೆ ಫ್ಲೆಕ್ಸ್ ಬಂತು. ‘ಅಂತಾರಾಷ್ಟ್ರೀಯ ಮ್ಯಾರಥಾನ್ ವಿಜೇತ ಶ್ರೀ ಭೀಮಾಶಂಕರ ಅವರಿಗೆ ಹಾರ್ದಿಕ ಅಭಿನಂದನೆಗಳು.’ ಓಟ ಇನ್ನೂ ಹತ್ತು ದಿನ ಇದೆ. ನನ್ನ ಫೋಟೊ ಅಂಗೈಯಷ್ಟು, ಸಂಜುಕುಮಾರನದು ಬಾಗಿಲಷ್ಟು. ಅದನ್ನು ಹಿಡಿದುಕೊಂಡು ಹೈದರಾಬಾದಿಗೇ ಬರುತ್ತಾರಂತೆ, ಕ್ರೂಸರ್ ಜೀಪು ಮಾಡಿಕೊಂಡು, ಹಲಗೆ ಬಾರಿಸುವ ಬಸು ಸಮೇತ. ಬರಬೇಡಿ ಎಂದರೆ ಗರ್ವ ಎನ್ನುತ್ತಾರೆ. ಬರ್ರಿ ಎಂದೆ.

ಆಗಸ್ಟ್ ೨೩, ಶನಿವಾರ

ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಕಾಯುತ್ತ ಬರೆಯುತ್ತಿದ್ದೇನೆ. ನಾನು ಒಂದು ದಿನ ಮೊದಲೇ ಹೋಗಿ ನಂಬರ್ ಚೀಟಿ ತೆಗೆದುಕೊಳ್ಳಬೇಕು. ಉಳಿದವರು ನಾಳೆ ನಸುಕಿನಲ್ಲಿ ಜೀಪಿನಲ್ಲಿ ಮುಟ್ಟುತ್ತಾರೆ.

ಮುಜಫರ ಬರುವುದಿಲ್ಲ ಎಂದ. “ನೀ ಬಸ್ ಹತ್ತೋದನ್ನ ನೋಡಾಕ ಅಷ್ಟ್ ದೂರ ಯಾಕ ಬರ್ಲಿ?” ಎಂದು ಮತ್ತೆ ಗೋಡೆ ಕಡೆ ತಿರುಗಿದ. ನಾನು ಸೋತರೆ ಅವನಿಗೆ ಒಳ್ಳೆಯ ನೆವ ಸಿಗುತ್ತದೆ, ಆ ನೆವದ ಮೇಲೆ ಅವನು ಉಳಿದ ಆಯುಷ್ಯವೆಲ್ಲ ಮಲಗಿ ಕಳೆಯಬಲ್ಲ. ನನಗೆ ಹೆದರಿಕೆಯಾಗುತ್ತಿದೆ. ಇಡೀ ಜೀವನದಲ್ಲಿ ಒಂದು ಥಾನಿನ ಅಳತೆ ಬಿಟ್ಟರೆ ಬೇರೆ ಯಾವುದಕ್ಕೂ ನನ್ನನ್ನು ಯಾರೂ ನೆಚ್ಚಿಕೊಂಡಿರಲಿಲ್ಲ.

ರೈಲು ತಡವಂತೆ. ಭಜಿ ಮಾರುವವನು ಮೂರು ಸಲ ಎದುರಿಂದ ಹೋದ. ನಾನು ಬಾಳೆಹಣ್ಣು ತಿಂದೆ.

ಆಗಸ್ಟ್ ೨೫, ಸೋಮವಾರ

ನಿನ್ನೆ ಬರೆಯುವ ಸ್ಥಿತಿಯಲ್ಲಿರಲಿಲ್ಲ. ಇವತ್ತು ಅಟ್ಟದ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿದು ಬಂದು ಬರೆಯುತ್ತಿದ್ದೇನೆ. ಮರೆಯುವ ಮೊದಲು ಎಲ್ಲ ಬರೆದಿಡಬೇಕು.

ಎದೆಗೆ ನಂಬರ್ ಚೀಟಿ ಚುಚ್ಚಿಕೊಂಡೆವು, ಸಂತೆಯ ದನಗಳ ಕಿವಿಗೆ ಹಾಕಿರುತ್ತಾರಲ್ಲ, ಹಾಗೆ. ಬೆಳಕು ಹರಿಯುವ ಹೊತ್ತಿಗೆ ಹುಸೇನ್ ಸಾಗರದ ದಂಡೆಯ ಮೇಲೆ ಸಾವಿರಾರು ಜನ, ಎಲ್ಲರೂ ಚಡ್ಡಿಯಲ್ಲಿ. ನನ್ನ ಅಜ್ಜನ ವಯಸ್ಸಿನವರು ನನ್ನನ್ನು ದಾಟಿ ಹೋದರು. ಒಬ್ಬಳು ಹೆಣ್ಣುಮಗಳು ಫೋನಿನಲ್ಲಿ ಮಾತಾಡುತ್ತಲೇ ದಾಟಿದಳು. ಮುಜಫರ ಹೇಳಿದ್ದ, ಯಾರು ದಾಟಿದರೂ ನೋಡಬೇಡ ಎಂದು. ನೋಡಲಿಲ್ಲ, ಎಣಿಸುವುದನ್ನೂ ಬಿಟ್ಟೆ.

ಸ್ವಲ್ಪ ದೂರ ಹೋಗಿರಬೇಕು, ರಸ್ತೆಯ ಬದಿಯಿಂದ ಯಾರೋ ಒದರಿದರು: “ಭೀಮಾ! ಕಮಾನ್ ಭೀಮಾ!” ತಿರುಗಿ ನೋಡಿದರೆ ಗುರುತಿಲ್ಲದ ಹುಡುಗಿ. ಇಲ್ಲಿಗೂ ನಮ್ಮ ಅಂಗಡಿಯ ಸೀರೆ ಬಂದಿದೆಯೇ ಎಂದುಕೊಂಡು ನಿಂತು ಕೈ ಮುಗಿದೆ. ಮುಂದೆ ಇನ್ನೊಬ್ಬ: “ಶಾಬಾಶ್ ಭೀಮಾ ಭಾಯಿ!” ಅವನಿಗೂ ಕೈ ಮುಗಿದೆ. ಎದೆಯ ಚೀಟಿಯ ಮೇಲೆ ಹೆಸರು ಬರೆದಿರುತ್ತದೆ ಎಂದು ಹೊಳೆಯುವಷ್ಟರಲ್ಲಿ ಅರ್ಧ ಹೈದರಾಬಾದಿಗೆ ನಮಸ್ಕಾರ ಮಾಡಿಯಾಗಿತ್ತು. ಅಂಗಡಿಕಾರನ ಕೈ ಇದು, ಮಾತಾಡಿಸಿದವರನ್ನು ಹಾಗೇ ಬಿಟ್ಟು ಹೋಗಲು ಅದಕ್ಕೆ ಬರುವುದಿಲ್ಲ.

ಒಬ್ಬ ಹುಡುಗ ಇಂಗ್ಲಿಷಿನ ಬೋರ್ಡ್ ಹಿಡಿದಿದ್ದ. ಚಪ್ಪಾಳೆ ತಟ್ಟಿ ನಮ್ಮ ಕೈ ನಿಮ್ಮ ಕಾಲಿಗಿಂತ ಹೆಚ್ಚು ನೋಯುತ್ತಿದೆ, ಬೇಗ ಮುಗಿಸಿ ಎಂದು ಅದರ ಅರ್ಥ. ಫ್ಲೈಓವರುಗಳು ಬಂದವು. ನೆಲದ ಮೇಲೆ ರಸ್ತೆ ಮಾಡುವುದು ಹೈದರಾಬಾದಿನವರಿಗೆ ಗೊತ್ತೇ ಇಲ್ಲ ಎಂದು ಕಾಣುತ್ತದೆ. ಒಂದು ಫ್ಲೈಓವರು ಇಳಿದಾಗ ನಾನು ಸತ್ತೆ ಎಂದುಕೊಂಡೆ. ಅಲ್ಲಿ ಬುರ್ಖಾ ಹಾಕಿದ ಮುದುಕಿಯೊಬ್ಬಳು ಉಪ್ಪು ಹಚ್ಚಿದ ಕಿತ್ತಳೆ ತೊಳೆ ಹಿಡಿದು ನಿಂತಿದ್ದಳು. “ಖಾ ಬೇಟಾ, ಖಾ. ಥೋಡಾಚ್ ಹೈ ಅಬ್.” ಸ್ವಲ್ಪವೇ ಉಳಿದಿದೆ ಎನ್ನುವುದು ಶುದ್ಧ ಸುಳ್ಳು, ಇನ್ನೂ ಬೇಕಾದಷ್ಟಿತ್ತು. ಆದರೂ ನನಗೆ ಅಳು ಬಂತು. ಬೇಟಾ ಎಂದು ನನ್ನನ್ನು ಯಾರೂ ಕರೆಯದೆ ಎಷ್ಟು ವರ್ಷವಾಯಿತೋ. ಹೆಸರು ಗೊತ್ತಿಲ್ಲದ ಜನ ಬೆಳಗಿನ ನಿದ್ದೆ ಬಿಟ್ಟು ಬಂದು, ನನ್ನಂಥ ದಪ್ಪ ಮನುಷ್ಯನಿಗೆ ನೀನು ಮುಗಿಸುತ್ತೀ ಎಂದು ಆಣೆ ಮಾಡಿ ಹೇಳುತ್ತಿದ್ದಾರೆ. ಯಾವ ಸುಖಕ್ಕೆ? ಏನು ಸಿಗುತ್ತದೆ ಅವರಿಗೆ? ಹಾಗೆ ಯೋಚಿಸುತ್ತ ಒಂದು ಕಿಲೋಮೀಟರ್ ಕಳೆಯಿತು.

ಹದಿನೆಂಟರ ಬೋರ್ಡ್ ಕಂಡಾಗ ನಾನು ಓಡುತ್ತಿರಲಿಲ್ಲ, ಬೀಳದೆ ಮುಂದೆ ಸರಿಯುತ್ತಿದ್ದೆ. ಹಿಂದೆ ತಿರುಗಿದರೆ ದೂರದಲ್ಲಿ ಆ ಬಸ್ಸು ಕಂಡಿತು. ಮೆಲ್ಲಗೆ ಬರುತ್ತಿತ್ತು, ಒಳಗೆ ಸೋತ ಮುಖಗಳು. ಆಗ ಕಿವಿಗೆ ಬಿದ್ದದ್ದು ಹಲಗೆಯ ಸಪ್ಪಳ. ನಮ್ಮ ಬಸು! ರಸ್ತೆಯ ಬದಿಗೆ ನಮ್ಮ ಫ್ಲೆಕ್ಸು, ನಮ್ಮ ಜನ, ಬಸವೇಶ್ವರಿ ಎರಡೂ ಕೈ ಎತ್ತಿ ನನ್ನ ಹೆಸರು ಹಿಡಿದು ಕೂಗುತ್ತಿದ್ದಳು. ಮದುವೆಯಾದ ಮೇಲೆ ಅವಳ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ರಸ್ತೆಗೆ ವಾಹನ ಬಿಡುವುದಿಲ್ಲವಾದ್ದರಿಂದ ಜೀಪು ಆಚೆ ಗಲ್ಲಿಯೊಳಗೆ ಬೇವಿನ ಗಿಡದ ಬುಡಕ್ಕೆ ನಿಂತಿತ್ತು. ಮುಂದಿನ ಸೀಟಿನಲ್ಲಿ ಮುಜಫರ! ನಾಲ್ಕು ಜನ ಸೇರಿ ಮಂಚದಿಂದ ಎತ್ತಿ ತಂದು ಕೂಡಿಸಿದ್ದರಂತೆ. ನಾನು ಕೈ ಬೀಸಿದೆ. ಅವನು ಮುಂದೆ ಹೋಗು ಎಂದು ಕೈ ಮಾಡಿದ.

ಹೋಗಲು ಬಿಡಬೇಕಲ್ಲ. ಸಂಜುಕುಮಾರ ಅಡ್ಡ ಬಂದು ತೋಳು ಹಿಡಿದ. ನೋಡಿದರೆ ಫುಟ್‌ಪಾತಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಅದರ ಮೇಲೆ ಟವೆಲ್ ಹಾಸಿದ್ದರು. ಕೂಡಿಸಿದರು. ತಲೆಗೆ ಪೇಟ ಸುತ್ತಿದರು, ಬೆವರಿನ ಮೇಲೆ ಜರಿ ಶಾಲು ಹೊದಿಸಿದರು, ಮೊಣಕಾಲು ಮುಟ್ಟುವ ಸೇವಂತಿಗೆ ಹಾರ ಹಾಕಿದರು. ಬಾಯಿಗೆ ಪೇಡೆ ತುರುಕಿದರು. ಸಂಜುಕುಮಾರನ ಕೈಗೆ ಮೈಕು ಎಲ್ಲಿಂದ ಬಂತೋ.

“ಈಗ ಸ್ವಾಗತ ಭಾಷಣ. ನಂತರ ಪ್ರಾಸ್ತಾವಿಕ ನುಡಿ. ಕೊನೆಗೆ ವಂದನಾರ್ಪಣೆ. ತಾವೆಲ್ಲ ಶಾಂತ ರೀತಿಯಿಂದ—”

ಎದ್ದು ಹೋಗಬಹುದಿತ್ತಲ್ಲ ಎಂದು ಹೊರಗಿನವರು ಕೇಳಬಹುದು. ಶಾಲು ಹೊದಿಸುವಾಗ ಎದ್ದು ಹೋದವನು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಹೆಣಕ್ಕೂ ನಾವು ವಂದನಾರ್ಪಣೆ ಮುಗಿಯುವ ತನಕ ಎತ್ತುವುದಿಲ್ಲ. ಇನ್ನೂ ಒಂದು ಕಾರಣವಿದೆ, ಇಲ್ಲಿ ಬರೆಯಲು ನಾಚಿಕೆಯಿಲ್ಲ. ಆ ಕುರ್ಚಿ ಸ್ವರ್ಗವಾಗಿತ್ತು. ಕೂತ ಕೂಡಲೇ ಕಾಲು, ಇಲ್ಲಿಗೆ ಸಾಕು ಎಂದವು. ಪೇಡೆ ಕರಗುತ್ತಿತ್ತು. ಸಂಜುಕುಮಾರ ಪ್ರಾಸ್ತಾವಿಕದಲ್ಲಿ ನಗರಸಭೆಯ ಚರಂಡಿಯ ತನಕ ಬಂದಿದ್ದ. ಬಸ್ಸಿನ ಹಾರ್ನ್ ಹತ್ತಿರ ಕೇಳಿಸಿತು. ಬರಲಿ ಬಿಡು, ಹತ್ತೋಣ ಎಂದು ನಾನು ಕಣ್ಣು ಮುಚ್ಚಿಯೂ ಬಿಟ್ಟೆ.

ಆಗ ಹಾರಕ್ಕೆ ಯಾರೋ ಕೈ ಹಾಕಿ ಫಟ್ಟನೆ ಹರಿದರು. ಪೇಟ ಹಾರಿ ಹೋಯಿತು. ಕಣ್ಣು ತೆರೆದರೆ ಎದುರಿಗೆ ಮುಜಫರನ ಮುಖ, ಕೆಂಪಗೆ, ಉಗುಳು ಸಿಡಿಯುತ್ತ.

“ಏಳಲೇ ಸೇಠ! ಮದುವಿ ಆಗಾಕ ಬಂದೀಯೇನು? ಬಸ್ ಬಂತು ಬಸ್! ಏಳ್, ನಡೀ, ಓಡ್!”

ಕತ್ತು ಹಿಡಿದು ಎಬ್ಬಿಸಿ, ರಸ್ತೆಗೆ ನೂಕಿ, ಬೆನ್ನ ಮೇಲೆ ಒಂದು ಗುದ್ದಿದ. ಸಂಜುಕುಮಾರ ಮೈಕಿನಲ್ಲೇ “ಇನ್ನೂ ವಂದನಾರ್ಪಣೆ ಅದರೀ” ಎಂದು ಕೂಗುತ್ತಿದ್ದ. ನಾನು ಓಡಿದೆ. ಹೆದರಿ ಓಡಿದೆ. ಬಸ್ಸಿಗಲ್ಲ, ಮುಜಫರನಿಗೆ. ಇಷ್ಟು ತಿಂಗಳ ಅವನ ಬೈಗುಳವೆಲ್ಲ ಬೆನ್ನ ಹಿಂದೆ ಬರುತ್ತಿದ್ದ ಹಾಗಿತ್ತು. ಶಾಲು ಎಲ್ಲಿ ಬಿತ್ತೋ ಗೊತ್ತಿಲ್ಲ. ಓಟ ಮುಗಿಯುವ ಸ್ಟೇಡಿಯಮ್ಮಿನ ಬಾಗಿಲಲ್ಲಿ ಜನ ಉಳಿದ ಸೆಕೆಂಡುಗಳನ್ನು ಹತ್ತರಿಂದ ಹಿಂದಕ್ಕೆ ಎಣಿಸುತ್ತಿದ್ದರು. ಅವರು ಮೂರು ಎನ್ನುವಾಗ ನಾನು ಗೆರೆ ದಾಟಿ ಮಕಾಡೆ ಬಿದ್ದೆ. ಯಾರೋ ಎತ್ತಿ ಕೊರಳಿಗೆ ಪದಕ ಹಾಕಿದರು.

ಹೊರಗೆ ಬಂದು ನಮ್ಮ ಜೀಪು ಹುಡುಕುವುದಕ್ಕೆ ಇನ್ನೊಂದು ಮ್ಯಾರಥಾನ್ ಆಯಿತು. ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ ಕೂತಿದ್ದರು. ಮುಜಫರ ಜೀಪಿನ ಸೀಟಿನಲ್ಲೇ ಇದ್ದ. ಮಕ್ತುಂಬಿ ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತಿದ್ದಳು. ನನ್ನ ಪದಕ ನೋಡಿ ಅಷ್ಟು ಸಂತೋಷವೇ ಎಂದು ನನಗೂ ಹೆಮ್ಮೆಯಾಯಿತು. ಬಸವೇಶ್ವರಿ ರೊಟ್ಟಿ, ಶೇಂಗಾ ಹಿಂಡಿ ಕೈಗೆ ಕೊಟ್ಟಳು. ಒಂದು ತುತ್ತು ಬಾಯಿಗಿಟ್ಟು ನಾನು ಮುಜಫರನ ಮೇಲೆ ಏರಿ ಹೋದೆ.

“ಟೈಮಿನೊಳಗ ಮುಗಿಸೀನಿ. ಈಗ ನಿನ್ನ ಪಾಳಿ. ಇಳಿ, ಕಾಲು ಕೆಳಗ ಇಡು.”

ಅವನು ಮುಖ ಆ ಕಡೆ ತಿರುಗಿಸಿದ. ನನಗೆ ರಕ್ತ ಕುದಿಯಿತು. “ನೋಡಲೇ, ಮಾತು ಕೊಟ್ಟೀದಿ. ನಾ ಸತ್ತು ಓಡಿ ಬಂದೀನಿ, ನೀ ಹಿಂಗ ಮಾರಿ ತಿರುವಿದ್ರ—”

“ನಿಮ್ಮ ಕೊಳ್ಳಾಗಿನ ಹಾರ ಹರಿದಿದ್ದು ಯಾರ್ರಿ?” ಎಂದಳು ಬಸವೇಶ್ವರಿ.

“ಯಾರಂದ್ರ? ಇವನ.”

“ಜೀಪ್ ಎಲ್ಲಿತ್ತು?”

“ಆಚೆ ಗಲ್ಲ್ಯಾಗ, ಗಿಡದ ಬುಡಕ.”

“ಮತ್ತ ಮುಜಫಣ್ಣನ ಕೈ ಅಷ್ಟು ಉದ್ದ ಅದಾವೇನು?”

ರೊಟ್ಟಿ ನನ್ನ ಬಾಯಲ್ಲೇ ಉಳಿಯಿತು.

ಆಮೇಲೆ ಮಕ್ತುಂಬಿ ಹೇಳಿದಳು. “ನೀವು ಕುರ್ಚಿ ಮ್ಯಾಲ ಕುಂತಿದ್ದು ನೋಡಿ ಒಳಗ ಕುಂತು ಒದರಾಕತ್ತಿದ್ರಣ್ಣಾ. ಹಲಗಿ ಸಪ್ಪಳದಾಗ ಯಾರಿಗಿ ಕೇಳಸ್ತದ? ನಾ ಬುತ್ತಿ ಗಂಟು ಇಳಸಾಕತ್ತಿದ್ದೆ. ತಿರುಗಿ ನೋಡೋದ್ರಾಗ ಬಾಗಲಾ ತೆರದದ, ಸೀಟು ಖಾಲಿ. ವಾಕರ್ ಜೀಪಿನ ಮ್ಯಾಲ ಕಟ್ಟಿದ್ದು ಹಂಗ ಅದ.”

ನನ್ನನ್ನು ನೂಕಿ ಕಳಿಸುವ ತನಕ ಅವನಿಗೇ ಗೊತ್ತಿರಲಿಲ್ಲವಂತೆ. ನಾನು ತಿರುವು ದಾಟಿ ಮರೆಯಾದ ಮೇಲೆ, ನಡುರಸ್ತೆಯಲ್ಲಿ ನಿಂತು ತನ್ನ ಕಾಲು ನೋಡಿಕೊಂಡನಂತೆ. ಆಗ ಶುರುವಾಯಿತು ನಡುಕ. ನಮ್ಮವರು ಎತ್ತಿಕೊಳ್ಳಲು ಓಡಿದರು. ಅಷ್ಟರಲ್ಲಿ ರಸ್ತೆಯ ಎರಡೂ ಬದಿಗೆ ನಿಂತ ಜನ ಇವನನ್ನು ನೋಡಿದರು. ಬೆವರು, ನಡುಗುವ ಕಾಲು, ಬಿಳಿಚಿದ ಮುಖ. ಓಡುತ್ತ ಸೋತವನು ಎಂದೇ ತಿಳಿದು ಚಪ್ಪಾಳೆ ತಟ್ಟಲು ಹತ್ತಿದರು. “ಕಮಾನ್ ಅಂಕಲ್! ಹೋತಾ ಅಂಕಲ್!” ನಿನ್ನಿಂದ ಆಗುತ್ತದೆ ಎಂದು. ಒಬ್ಬ ಮನುಷ್ಯ ಸಂಜುಕುಮಾರನನ್ನೇ ತಡೆದು ಗದರಿದನಂತೆ: “ಹಾತ್ ನಕ್ಕೋ ಲಗಾವ್ ಮಿಯಾ, ಉನೋ ಖುದ್ ಜಾತೇ.” ಕೈ ಹಚ್ಚಬೇಡ, ತಾನೇ ಹೋಗುತ್ತಾನೆ ಎಂದು. ಸಂಜುಕುಮಾರ ಬದುಕಿನಲ್ಲಿ ಮೊದಲ ಸಲ ಸುಮ್ಮನೆ ನಿಂತ. ಬಸು ಹಲಗೆ ಎತ್ತಿಕೊಂಡ. ಆ ಸದ್ದಿನೊಳಗೆ ಮುಜಫರ ಒಂದೊಂದೇ ಹೆಜ್ಜೆ ಇಟ್ಟು, ರಸ್ತೆ ದಾಟಿ, ಗಲ್ಲಿಯೊಳಗೆ ಹೋಗಿ, ಜೀಪಿನ ಬಾಗಿಲು ಹಿಡಿದನಂತೆ.

“ಟ್ರ್ಯಾಕ್ಟರ್ ಸಪ್ಪಳ ಕೇಳಸ್ಲಿಲ್ಲೇನು?” ಎಂದೆ. ಕೇಳಬಾರದಿತ್ತೇನೋ, ಕೇಳಿಬಿಟ್ಟೆ.

“ಅಷ್ಟ್ ಗದ್ದಲದಾಗ ಯಾವ ಟ್ರ್ಯಾಕ್ಟರ್ ಕೇಳಸ್ತದ?” ಮುಜಫರ ಇನ್ನೂ ನನ್ನ ಕಡೆ ನೋಡಲಿಲ್ಲ. “ಅವರಿಗೇನ್ ಗೊತ್ತು? ಓಡೋ ಮನಷ್ಯಾ ಅಂತ ತಿಳ್ಕೊಂಡ್ರು. ಅಷ್ಟ್ ಮಂದಿ ಚಪ್ಪಾಳಿ ಹೊಡಿಯೋ ಮುಂದ ಹೆಂಗ ಬೀಳೋದು ಸೇಠ?”

ನಾನು ರೊಟ್ಟಿ ಹಿಡಿದುಕೊಂಡೇ ಗೊಳೋ ಎಂದು ಅತ್ತೆ. ಸಂಜುಕುಮಾರ ಫೋಟೊ ತೆಗೆದ.

ಆಗಸ್ಟ್ ೩೧, ರವಿವಾರ

ಬೆಳಿಗ್ಗೆ ಕಾಲುವೆ ದಂಡೆಯ ಮೇಲೆ ಓಡಿ ಬಂದೆ. ಓಟ ಮುಗಿದು ವಾರವಾಯಿತು, ಇನ್ನು ಯಾರೂ ಹೇಳುವವರಿಲ್ಲ. ಎಚ್ಚರವಾಯಿತು, ಹೋದೆ.

ಅಲ್ಲಿಂದ ಸೀದಾ ಮುಜಫರನ ಓಣಿಗೆ. ಅವನು ವಾಕರ್ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದ. ಇವತ್ತು ಓಣಿಯ ತುದಿಯ ತನಕ ಎಂದು ಗೊತ್ತು ಮಾಡಿದ್ದೆವು. ಓಣಿಯಲ್ಲಿ ಯಾರೂ ಇರಲಿಲ್ಲ, ಹೆಂಗಸರೆಲ್ಲ ಒಳಗೆ ರೊಟ್ಟಿ ಬಡಿಯುವ ಹೊತ್ತು. ಅವನು ಒಂದು ಕಾಲು ಕೆಳಗಿಟ್ಟ, ನಿಂತ. ಹಣೆಯ ಮೇಲೆ ಅದೇ ಬೆವರು. ನನ್ನ ಕಡೆ ನೋಡಿದ.

ನಡು ಓಣಿಯಲ್ಲಿ ನಿಂತು ಚಪ್ಪಾಳೆ ತಟ್ಟಲು ಶುರು ಮಾಡಿದೆ. ಮುಜಫಾ, ಕಮಾನ್ ಮುಜಫಾ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಹೆಂಗಸರು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು.

“ಬಂದ್ ಮಾಡಲೇ, ನಾಚಿಕಿ ಬರ್ತದ,” ಎಂದ ಅವನು, ಎರಡನೆಯ ಕಾಲು ಇಡುತ್ತ.

ನಾನು ಬಂದ್ ಮಾಡಲಿಲ್ಲ.